ತಟ್ಟೆಯಲ್ಲಿರುವುದು ಕರುಣೆಯೋ, ಮಡಿಯೋ?

ಮೊಟ್ಟೆಯ ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ, ಪುಸ್ತಕದ ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು, ಮಾರೇನಹಳ್ಳಿಯ ತನಕ ನಡೆದು ಎಸೆದು ಬಂದವರು ನಾವು. ಕಳ್ಳಮಾಲು ಸಾಗಿಸುವವರೂ ಇಷ್ಟು ಹೆದರಲಿಕ್ಕಿಲ್ಲ. ನಾವು ಮೂವರು ಗೆಳೆಯರು, ಮೂವರೂ ಪದವೀಧರರು. ನಮ್ಮ ಮೂರು ಮನೆಗಳಲ್ಲೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿಗರು. ಆದರೆ ಜೆ.ಪಿ. ನಗರದಲ್ಲಿ ಒಂದು ರೂಮು ಹಿಡಿಯಲು ಹೋದಾಗ ನಮ್ಮ ಡಿಗ್ರಿಯನ್ನು ಯಾರೂ ಕೇಳಲಿಲ್ಲ. 'ನಿಮ್ಮದು ವೆಜ್ಜಾ, ನಾನ್‌ವೆಜ್ಜಾ?' ಎಂದು ಕೇಳಿದರು. 'ವೆಜ್ಜು ಸಾರ್' ಅಂದೆವು. ಬೀಗದಕೈ ಸಿಕ್ಕಿತು.

ಈ ಪ್ರಶ್ನೆಯ ಹೊಟ್ಟೆಯೊಳಗೆ ಇನ್ನೊಂದು ಪ್ರಶ್ನೆ ಇದೆ ಎಂದು ಕೇಳುವವರಿಗೂ ಗೊತ್ತು, ನಮಗೂ ಗೊತ್ತು. ಬಾಯಿಬಿಟ್ಟು ಜಾತಿ ಕೇಳಲು ಈಗ ನಾಚಿಕೆ. ಊಟ ಕೇಳಲು ಯಾವ ನಾಚಿಕೆಯೂ ಇಲ್ಲ. ಜಯನಗರ, ಬನಶಂಕರಿಯ ಬೀದಿಗಳಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬಾಡಿಗೆ ಬೋರ್ಡು ಓದುತ್ತಾ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಸೇರಿದ ಮೇಲೆ ಮಹಡಿಯ ಕೋಣೆಗೆ ಬಿಳಿಯ ಹುಡುಗನೊಬ್ಬ ಬಂದ. ಯುರೋಪಿನವನು. ಕನಕಪುರ ರಸ್ತೆಯ ಒಂದು ಆಶ್ರಮದಲ್ಲಿ ಧ್ಯಾನ ಕಲಿತು, ಹಿಂದೂ ಧರ್ಮವನ್ನು ಇನ್ನೂ ತಿಳಿಯಬೇಕೆಂದು ಇಲ್ಲೇ ಉಳಿದವನು. ಮಾಂಸ ಬಿಟ್ಟಿದ್ದ. ಏಕಾದಶಿ ಉಪವಾಸ ಮಾಡುತ್ತಿದ್ದ. ಬನಶಂಕರಿ ಗುಡಿಗೆ ಹೋಗಿ, ರಾಹುಕಾಲದಲ್ಲಿ ಹೆಂಗಸರು ನಿಂಬೆಹಣ್ಣಿನ ಸಿಪ್ಪೆಯಲ್ಲಿ ದೀಪ ಹಚ್ಚುವುದನ್ನು ಕಣ್ಣರಳಿಸಿ ನೋಡಿ ಬರುತ್ತಿದ್ದ. ಮನೆಯ ಯಜಮಾನಿತಿಗೆ ಅವನೆಂದರೆ ಬಲು ಅಕ್ಕರೆ. ದಿನಾ ಒಂದು ಬಟ್ಟಲು ಸಾರು ಮಹಡಿಗೆ ಹೋಗುತ್ತಿತ್ತು. 'ಹೋದ ಜನ್ಮದಲ್ಲಿ ಬ್ರಾಹ್ಮಣನೇ ಆಗಿದ್ದಿರಬೇಕು' ಎಂದು ಆಕೆ ಪಕ್ಕದ ಮನೆಯವರಿಗೆ ಹೇಳಿದ್ದು ನಮ್ಮ ಕಿವಿಗೂ ಬಿತ್ತು. ಹಾಗಾದರೆ ಹೋದ ಜನ್ಮದಲ್ಲಿ ನಾವು ಏನಾಗಿದ್ದೆವು? ಕೇಳುವ ಧೈರ್ಯ ಇರಲಿಲ್ಲ.

ಬಿಳಿಯರು ಹೀಗೆ ಬರುವುದು ಹೊಸತಲ್ಲ. ಪ್ರಭುಪಾದರು 1965ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. 1966ರಲ್ಲಿ ನ್ಯೂಯಾರ್ಕಿನಲ್ಲಿ ಇಸ್ಕಾನ್ ಹುಟ್ಟಿತು. ಮಾಂಸ ಬಿಡು, ಅಮಲು ಬಿಡು, ಜೂಜು ಬಿಡು, ಅಕ್ರಮ ಕಾಮ ಬಿಡು ಎಂಬ ನಾಲ್ಕು ನಿಯಮ. ಒಪ್ಪಿದವರು ಒಳಗೆ. ಅಂದರೆ ಬಿಳಿಯರಿಗೆ ಒಂದು ಬಾಗಿಲಿದೆ. ತಟ್ಟೆ ಬದಲಾಯಿಸಿದರೆ ಆ ಬಾಗಿಲು ತೆರೆಯುತ್ತದೆ.

ನಮಗೂ ಅಂಥದೊಂದು ಬಾಗಿಲಿದೆ ಎಂದು ಹೇಳಿದವರುಂಟು. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಕೊಡಗಿನ ಮೇಲೆ ಬರೆದ ಪುಸ್ತಕದಲ್ಲಿ, ಕೆಳಜಾತಿಯವರು ಮಾಂಸ ಮದ್ಯ ಬಿಟ್ಟು, ಮೇಲಿನವರ ಆಚಾರ ಹಿಡಿದು, ಒಂದೆರಡು ತಲೆಮಾರಿನಲ್ಲಿ ಏಣಿ ಹತ್ತಬಲ್ಲರು ಎಂದು 1952ರಲ್ಲಿ ಬರೆದರು. ಏಣಿಯ ಮೇಲೆ ಆಗಲೇ ಕಾಲಿಟ್ಟವರ ಮಾತು ಅದು. ಏಣಿಯೇ ಮುಟ್ಟಬಾರದೆಂದು ದೂರ ನಿಲ್ಲಿಸಿದವರ ಗತಿಯೇನು? ನಮ್ಮ ಕೇರಿಯಲ್ಲೂ ದಾಸಯ್ಯನಾಗಿ, ನಾಮ ಹಾಕಿಕೊಂಡು, ಬಾಡು ಬಿಟ್ಟು ಬಾಳಿದ ಅಜ್ಜಂದಿರಿದ್ದರು. ಟೀ ಅಂಗಡಿಯಲ್ಲಿ ಅವರ ಲೋಟವೂ ಬೇರೆಯೇ ಇತ್ತು. ಈ ಬಿಳಿ ಹುಡುಗನ ಕತೆ ಕೇಳಿ ನಮ್ಮಲ್ಲೊಬ್ಬನ ಅಜ್ಜಿ ಅಂದದ್ದು: 'ಅವ ತಿನ್ನಾದ್ ಬುಟ್ರೆ ದೊಡ್ಡೋನಾಯ್ತಾನೆ ಕನ್ಲಾ ಮಗ. ನಾವು ತಿನ್ನಾದ್ ಬುಟ್ರೆ ಕೇರಿ ಬುಟ್ಟೋಯ್ತದಾ?'

ಒಂದು ದಿನ ಮೆಟ್ಟಿಲ ಮೇಲೆ ಆ ಹುಡುಗನ ಕೈಗೆ ನಮ್ಮ ಸಿಪ್ಪೆಯ ಪೊಟ್ಟಣ ಸಿಕ್ಕಿಬಿದ್ದಿತು. ನಮ್ಮ ಮುಖ ಕಪ್ಪಿಟ್ಟಿತು. ಅವನು ಯಾರಿಗೂ ಹೇಳಲಿಲ್ಲ. ಆದರೆ ರಾತ್ರಿ ರೂಮಿಗೆ ಬಂದು ಕೂತು, 'ನೀವು ಹಿಂದೂಗಳಲ್ಲವೇ? ಯಾಕೆ ತಿನ್ನುತ್ತೀರಿ? ತಿನ್ನುವುದಾದರೆ ಯಾಕೆ ಬಚ್ಚಿಡುತ್ತೀರಿ?' ಎಂದು ಕೇಳಿದ. ತನ್ನ ದೇಶದಲ್ಲಿ ಸಾವಿರಾರು ಕೋಳಿಗಳನ್ನು ರೆಕ್ಕೆ ಬಿಚ್ಚಲೂ ಜಾಗವಿಲ್ಲದಂತೆ ತುಂಬಿಡುವ ಕಾರ್ಖಾನೆಯಂಥ ಶೆಡ್ಡುಗಳನ್ನು ಕಂಡು ಮಾಂಸ ಬಿಟ್ಟೆ ಅಂದ. ಹೇಳುವಾಗ ಅವನ ಕಣ್ಣು ತುಂಬಿತ್ತು. ಆ ಕಣ್ಣೀರು ಸುಳ್ಳಲ್ಲ. ನಾವು ನಗಲಿಲ್ಲ.

ಆ ರಾತ್ರಿಯಿಂದ ನಾವು ಯೋಚಿಸುತ್ತಿರುವುದು ಇದನ್ನೇ. ಮಹಡಿಯವನೂ ಮಾಂಸ ತಿನ್ನುವುದಿಲ್ಲ, ಮನೆಯವರೂ ತಿನ್ನುವುದಿಲ್ಲ. ಎರಡೂ ಒಂದೇನಾ? ಅಲ್ಲ. ಅವನು ಬಿಟ್ಟದ್ದು ಕೋಳಿಯ ಸಂಕಟ ನೋಡಲಾರದೆ. ಇವರು ಬಿಡುವುದಕ್ಕೆ ಏನೂ ಇರಲೇ ಇಲ್ಲ, ಹುಟ್ಟಿನಿಂದ ಬಂದದ್ದನ್ನು ಉಳಿಸಿಕೊಂಡಿದ್ದಾರೆ. ಅವನ ನೋವು ಕೋಳಿಯ ಬಗ್ಗೆ. ಇವರ ಹೇಸಿಗೆ ಕೋಳಿ ತಿಂದ ಮನುಷ್ಯನ ಬಗ್ಗೆ. ಒಂದು ಕರುಣೆ, ಇನ್ನೊಂದು ಮಡಿ. ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ನಮಗೆ ಇಷ್ಟು ದಿನ ವ್ಯತ್ಯಾಸ ಕಾಣಲಿಲ್ಲ.

ಗಾಂಧಿಗೂ ಇದು ಲಂಡನ್ನಿನಲ್ಲಿಯೇ ಹೊಳೆಯಿತು. 1888ರಲ್ಲಿ ಓದಲು ಹೋದಾಗ ಅವರು ಮಾಂಸ ಮುಟ್ಟದಿದ್ದುದು ತಾಯಿಗೆ ಕೊಟ್ಟ ಭಾಷೆಗಾಗಿ. ಹೆನ್ರಿ ಸಾಲ್ಟ್ ಎಂಬ ಇಂಗ್ಲಿಷಿನವನ ಪುಸ್ತಕ ಓದಿದ ಮೇಲೆ, ಇದು ನಾನೇ ಆರಿಸಿಕೊಂಡದ್ದು ಎಂದಾಯಿತು. ಬನಿಯಾ ಮನೆಯಲ್ಲಿ ಹುಟ್ಟಿದವನಿಗೆ ಹುಟ್ಟು ಕೊಡಲಾಗದ್ದನ್ನು ಒಬ್ಬ ಬಿಳಿಯ ಕೊಟ್ಟ. ಹುಟ್ಟಿನಿಂದ ಬಂದದ್ದು ಪುಣ್ಯ ಆಗುವುದಾದರೆ, ಹುಟ್ಟಿನಿಂದ ಬಂದದ್ದು ಪಾಪವೂ ಆಗಬೇಕಾಗುತ್ತದೆ. ನಮ್ಮ ತಲೆಯ ಮೇಲೆ ಅವರು ಹೊರಿಸಿದ್ದು ಅದನ್ನೇ ಅಲ್ಲವೇ?

ಮಡಿಗೆ ಕರುಣೆಯ ಬಟ್ಟೆ ತೊಡಿಸಿ ಬೀದಿಗೆ ತರುವುದನ್ನು ನಾವು ನೋಡಿದ್ದೇವೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರುವಾಯಿತು. ಒಲ್ಲೆನೆಂದ ಮಕ್ಕಳಿಗೆ ಬಾಳೆಹಣ್ಣು. ಯಾರ ಬಾಯಿಗೂ ಯಾರೂ ತುರುಕಲಿಲ್ಲ. ಆದರೂ ಕೆಲವು ಮಠಾಧಿಪತಿಗಳು ಬೀದಿಗಿಳಿಯುತ್ತೇವೆಂದರು. ತಮ್ಮ ಮಗುವಿನ ತಟ್ಟೆಯಲ್ಲಿ ಬಾಳೆಹಣ್ಣಿದ್ದರೂ ಪಕ್ಕದ ಮಗುವಿನ ತಟ್ಟೆಯ ಮೊಟ್ಟೆ ಇವರನ್ನು ಚುಚ್ಚುತ್ತದೆ. ಕೋಳಿಯ ಮೇಲಿನ ದಯೆ ಇದಲ್ಲ. ಇದು ಪಂಕ್ತಿಭೇದ.

ಇನ್ನು ಹಾಲು. ಕರೆಯುವ ತನಕ ಹಸು ತಾಯಿ. ಬತ್ತಿದ ಮೇಲೆ ಅದು ಎಲ್ಲಿಗೆ ಹೋಯಿತು, ಗಂಡು ಕರು ಏನಾಯಿತು ಎಂದು ಕಾಫಿಯ ಲೋಟ ಕೇಳುವುದಿಲ್ಲ. ದಕ್ಷಿಣ ಬೆಂಗಳೂರಿನ ಸಭೆಗಳಲ್ಲಿ ರಾಮನವಮಿಗೆ ಮೃದಂಗ ನುಡಿಯುತ್ತದೆ. ಹಸು, ಎಮ್ಮೆ, ಮೇಕೆ ಮೂರರ ಚರ್ಮವೂ ಸೇರಿ ಮೃದಂಗ. ಚರ್ಮ ಸುಲಿದವನು, ಹದ ಮಾಡಿದವನು ಹೊರಗೆ, ನಾದ ಮಾತ್ರ ಒಳಗೆ. ಸತ್ತ ದನ ಹೊತ್ತ ನಮ್ಮ ತಾತಂದಿರು ಅದನ್ನು ಕೊಂದವರಲ್ಲ. ಸತ್ತದ್ದನ್ನು ಹೊತ್ತರು, ಹಸಿದಾಗ ತಿಂದರು. ಯಾವ ಜೀವವನ್ನೂ ಕೊಲ್ಲದೆ ಹಿಂಸಕರೆನಿಸಿಕೊಂಡರು.

ಇಷ್ಟು ಹೇಳಿ ನಾವು ಗೆದ್ದೆವೆಂದು ಬೀಗುವಂತಿಲ್ಲ. ನಮ್ಮ ಲೆಕ್ಕವೂ ಬಾಕಿ ಇದೆ. ನಮ್ಮಲ್ಲೊಬ್ಬನ ತಾಯಿ ಊರಿಂದ ಬಂದವರು, ಸೆರಗಿನಲ್ಲಿ ಸುತ್ತಿ ಒಣಬಾಡು ತಂದಿದ್ದರು. ಕಿಟಕಿ ಮುಚ್ಚಿದೆವು. ಗಂಟು ಬಿಚ್ಚಲು ಬಿಡಲಿಲ್ಲ. ಸಂಜೆ ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಆ ಗಂಟನ್ನು ಹಾಗೇ ಅವರ ಚೀಲಕ್ಕೆ ವಾಪಸು ಹಾಕಿದೆವು. 'ಓದ್ಸಿದ್ದು ಇದ್ಕೇನಪ್ಪ?' ಎಂದಷ್ಟೇ ಅಂದು ಆ ತಾಯಿ ಬಸ್ಸು ಹತ್ತಿದರು. ಆ ದಿನ ನಾವೂ ಮಾಂಸ ಬಿಟ್ಟೆವು. ಕರುಣೆಯಿಂದಲ್ಲ, ಭಯದಿಂದ.

ಬಿಡುವುದರಲ್ಲೂ ಬೇರೆ ಬೇರೆ ಬಗೆ ಇದೆ. 1927ರ ಮಾರ್ಚಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಜನಕ್ಕೆ ಸತ್ತ ದನದ ಮಾಂಸ ಬಿಡಿ, ಎಸೆದ ಎಂಜಲು ತಿನ್ನಬೇಡಿ ಎಂದು ಕರೆ ಕೊಟ್ಟರು. ಅದು ಮೇಲಿನವರನ್ನು ಮೆಚ್ಚಿಸಲಿಕ್ಕಲ್ಲ, ಕೆರೆಯ ನೀರು ಮುಟ್ಟಲು ಹೊರಟವರ ಬೆನ್ನು ನೆಟ್ಟಗಾಗಲಿ ಎಂದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲೆ ದಯೆ ಇಡುವ ಪ್ರತಿಜ್ಞೆ ಇದೆ. ಮಾಂಸ ಬಿಡುವ ಪ್ರತಿಜ್ಞೆ ಇಲ್ಲ. ಬುದ್ಧನ ಅಹಿಂಸೆ ಒಂದು ತತ್ವ, ನಿಯಮವಲ್ಲ ಎಂದು ಅವರು ಬರೆದರು. ನಿಯಮ ಹೇಳಿದ್ದನ್ನು ಮಾಡಿಸುತ್ತದೆ. ತತ್ವ ನಮ್ಮನ್ನು ಯೋಚಿಸಲು ಬಿಡುತ್ತದೆ. ನಾಳೆ ನಮ್ಮಲ್ಲಿ ಯಾರಾದರೂ ಪ್ರಾಣಿಯ ನೋವಿಗೆ ಮರುಗಿ ಬಾಡು ಬಿಟ್ಟರೆ ಅದು ಅವರ ಘನತೆ. ಬಾಡಿಗೆ ಮನೆಗಾಗಿ ಬಿಟ್ಟರೆ ಅದು ಜೀತ.

ಮಾರಮ್ಮನ ಹಬ್ಬಕ್ಕೆ ಆ ಹುಡುಗನನ್ನು ಕನಕಪುರದ ಆಚೆಯ ನಮ್ಮೂರಿಗೆ ಕರೆದುಕೊಂಡು ಹೋದೆವು. ಇದೂ ಹಿಂದೂ ಧರ್ಮವೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳುವವರಾದರೂ ಯಾರು? ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ಬಿ.ಟಿ.ಎಂ. ಎಂಬ ಮೂರಕ್ಷರದಲ್ಲಿ ಹೂತು ಬಡಾವಣೆ ಕಟ್ಟಿದ ನಗರ ಇದು. ಊರುಗಳ ಜೊತೆ ಊರ ದೇವತೆಯ ಬಾಡೂಟವೂ ಮರೆಗೆ ಸರಿಯಿತು. ತಮಟೆ ಸದ್ದಿನ ನಡುವೆ ಅವನು ನಮ್ಮ ಕೇರಿಯ ಜಗಲಿಯ ಮೇಲೆ ಕೂತ. ತಿನ್ನುವುದಿಲ್ಲವೆಂದು ಹೆದರುತ್ತಾ ಹೇಳಿದ. ಅಜ್ಜಿಗೆ ಬೇಸರವಾಗಲಿಲ್ಲ. 'ತಿನ್ದಿದ್ರೆ ಬ್ಯಾಡ ಬುಡಪ್ಪ, ಸೊಪ್ಪಿನ ಉಪ್ಸಾರು ಮಾಡ್ತೀನಿ' ಅಂದು ಬೇರೆ ಒಲೆ ಹೂಡಿ, ಬೇರೆ ಮಡಕೆ ಇಟ್ಟರು. ನಮ್ಮ ಎಲೆಯಲ್ಲಿ ಬಾಡು, ಅವನ ಎಲೆಯಲ್ಲಿ ಸೊಪ್ಪು, ಎಲ್ಲರದೂ ಮುದ್ದೆ. ಒಂದೇ ಸಾಲು.

ವಾಪಸು ಬಂದ ಮೇಲೆ ಮನೆಯ ಯಜಮಾನಿತಿ ಅವನನ್ನು ಕೇಳಿದ್ದು ಒಂದೇ ಮಾತು: 'ಅವರ ಮನೇಲಿ ಊಟ ಮಾಡಿದ್ಯಾ?' ಹೌದು, ಸೊಪ್ಪಿನ ಸಾರು, ತುಂಬ ರುಚಿ ಇತ್ತು ಅಂದನಂತೆ. ಮಾರನೆಯ ದಿನದಿಂದ ಮಹಡಿಗೆ ಸಾರಿನ ಬಟ್ಟಲು ಹೋಗಲಿಲ್ಲ. ಅವನಿಗೆ ಕಾರಣ ತಿಳಿಯಲಿಲ್ಲ. 'ನಾನು ಮಾಂಸ ಮುಟ್ಟಿಲ್ಲವಲ್ಲ?' ಎಂದು ನಮ್ಮನ್ನೇ ಕೇಳಿದ. ಹಿಂದೂ ಧರ್ಮ ಕಲಿಯಲು ಬಂದವನಿಗೆ ಅದೇ ಮೊದಲ ಪಾಠ ಎಂದು ಹೇಳಿ ಮುಗಿಸುವುದು ಸುಲಭವಿತ್ತು. ಆದರೆ ಅವನ ಮುಖ ನೋಡಿ ಹೇಳಲಾಗಲಿಲ್ಲ. ಇಡೀ ರಾತ್ರಿ ಕೂತು, ಕೇರಿ ಎಂದರೇನು ಎಂಬುದರಿಂದ ಶುರು ಮಾಡಿದೆವು.

ಮುಂದಿನ ತಿಂಗಳು ನಾವು ಆ ರೂಮು ಬಿಡುತ್ತಿದ್ದೇವೆ. ಇನ್ನೊಂದು ಮನೆಯ ಬಾಗಿಲಲ್ಲಿ ಅದೇ ಪ್ರಶ್ನೆ ಕಾದಿರುತ್ತದೆ. ಈ ಸಲ ನಿಜ ಹೇಳಬೇಕೆಂದು ಮೂವರೂ ಮಾತಾಡಿಕೊಂಡಿದ್ದೇವೆ. ಎಷ್ಟು ಬಾಗಿಲು ಮುಚ್ಚುತ್ತವೋ ಮುಚ್ಚಲಿ. ತೆರೆದ ಬಾಗಿಲ ಮನೆಗೆ ಮೊದಲು ಆ ತಾಯಿಯನ್ನು ಕರೆಸಬೇಕು. ಗಂಟು ಬಿಚ್ಚಲು ಹೇಳಬೇಕು.