ದಯೆ ಮತ್ತು ಸರದಿ

ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮೊದಲು ಬಂದವನಿಗೆ ಮೊದಲ ಚೀಟಿ. ನಮ್ಮಂಥ ಗುಮಾಸ್ತರ ಲೋಕದಲ್ಲಿಯೂ ಆವಕ ಪುಸ್ತಕದ ಕ್ರಮಸಂಖ್ಯೆಯೇ ನ್ಯಾಯ. ಅದನ್ನು ಮೀರಿ ಒಂದು ಕಾಗದ ಮುಂದೆ ಸರಿಯಿತೆಂದರೆ ಹಿಂದೆ ಯಾರದೋ ಶಿಫಾರಸು ಇದೆಯೆಂದೇ ತಿಳಿಯಬೇಕು. ಎಲ್ಲರನ್ನೂ ಸಮನಾಗಿ ಕಾಣಲು ಸರದಿಗಿಂತ ಸುಲಭವಾದ ಉಪಾಯವಿಲ್ಲ. ಆದರೆ ರೈಲು ಹಳಿ ತಪ್ಪಿಯೋ ಕಟ್ಟಡ ಕುಸಿದೋ ಒಂದೇ ಗಳಿಗೆಯಲ್ಲಿ ನೂರು ಮಂದಿ ಗಾಯಾಳುಗಳು ಬಂದು ಬಿದ್ದಾಗ ಸರದಿಯಿಂದ ನ್ಯಾಯ ದೊರೆಯುವುದಿಲ್ಲ. ಆಗ ಬಾಗಿಲಲ್ಲಿ ನಿಂತ ದಾದಿ ಒಬ್ಬನನ್ನು ದಾಟಿ ಇನ್ನೊಬ್ಬನ ಬಳಿಗೆ ಹೋಗಲೇಬೇಕು. ಹಾಗೆ ದಾಟಿ ಹೋಗುವುದು ಧರ್ಮವೇ?

ಈ ಪದ್ಧತಿಗೆ ಟ್ರಯಾಜ್ ಎಂದು ಹೆಸರು; ಆರಿಸಿ ಬೇರ್ಪಡಿಸುವುದು ಎಂಬರ್ಥದ ಫ್ರೆಂಚ್ ಮಾತು. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೇ, ಗಾಯಾಳುವಿನ ಹುದ್ದೆಯನ್ನು ನೋಡಬೇಡಿ, ಗಾಯವನ್ನು ನೋಡಿ ಎಂಬ ನಿಯಮವನ್ನು ತಂದನು. ಸೇನಾಪತಿಯನ್ನು ಬಿಟ್ಟು ಸಿಪಾಯಿಯನ್ನು ಮೊದಲು ಎತ್ತುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ಒಂದು ಕ್ರಮ ಈಗ ಅನೇಕ ಕಡೆ ಬಳಕೆಯಲ್ಲಿದೆ. ಎದ್ದು ನಡೆಯಬಲ್ಲವನಿಗೆ ಹಸಿರು ಚೀಟಿ. ಉಸಿರು ನಿಮಿಷಕ್ಕೆ 30ನ್ನು ಮೀರಿದರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಅಥವಾ ಹೇಳಿದ ಸಣ್ಣ ಮಾತನ್ನೂ ಪಾಲಿಸಲಾರದಿದ್ದರೆ ಕೆಂಪು. ಉಸಿರೇ ಇಲ್ಲದವನ ತಲೆಯನ್ನು ಸರಿಪಡಿಸಿ ಶ್ವಾಸದ ದಾರಿ ತೆರೆದು ನೋಡಬೇಕು. ಆಗಲೂ ಉಸಿರಾಡದಿದ್ದರೆ ಕಪ್ಪು. ಉಳಿದವರು ಹಳದಿ. ಒಬ್ಬೊಬ್ಬನಿಗೆ ಸಿಗುವುದು ಹೆಚ್ಚೆಂದರೆ ಒಂದು ನಿಮಿಷ.

ಕೂಗುವವನಿಗೆ ಉಸಿರಿದೆ ಎಂಬುದನ್ನು ದಾದಿ ಬಲ್ಲಳು. ಆದ್ದರಿಂದ ಸೆರಗು ಹಿಡಿದು ಜಗ್ಗುವವರನ್ನು ಬಿಡಿಸಿಕೊಂಡು, ಮೂಲೆಯಲ್ಲಿ ಸದ್ದಿಲ್ಲದೆ ಬಿದ್ದವನ ಕಡೆಗೆ ಹೆಜ್ಜೆ ಹಾಕುತ್ತಾಳೆ. ನೋಡುವವರ ಕಣ್ಣಿಗೆ ಇದು ಕಲ್ಲು ಹೃದಯ. ನನಗಾದರೋ ಇದು ದಯೆಯ ಕಠಿಣವಾದ ರೂಪವೆಂದು ತೋರುತ್ತದೆ. ಕಣ್ಣೆದುರಿನ ಕಣ್ಣೀರಿಗೆ ಕರಗುವುದು ನಮ್ಮೆಲ್ಲರಿಗೂ ಬರುತ್ತದೆ. ಕೂಗಲಾರದವನ ಪರವಾಗಿ ಕರಗಲು ಶಿಕ್ಷಣ ಬೇಕು.

ಆದರೂ ಕಪ್ಪು ಚೀಟಿಯ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲವು ಪದ್ಧತಿಗಳಲ್ಲಿ, ಉಸಿರಿದ್ದೂ ಆ ಹೊತ್ತಿನ ಸಾಧನಗಳಿಂದ ಉಳಿಸಲಾಗದವರನ್ನೂ ಹೀಗೆಯೇ ಬದಿಗಿಡುತ್ತಾರೆ. ಬೇರೆ ದಿನವಾಗಿದ್ದರೆ ಅದೇ ಮನುಷ್ಯನ ಸುತ್ತ ನಾಲ್ಕು ಜನ ವೈದ್ಯರು ನಿಂತಿರುತ್ತಿದ್ದರು. ಇಂದು ಅವನಿಗೆ ಕೊಡುವ ಹತ್ತು ನಿಮಿಷದಲ್ಲಿ ಇನ್ನಿಬ್ಬರು ಸಾಯುತ್ತಾರೆ ಎಂಬುದು ಲೆಕ್ಕ. ಲೆಕ್ಕ ಸರಿಯೆಂದು ನಾನು ಒಪ್ಪುತ್ತೇನೆ. ಆದರೆ ಲೆಕ್ಕ ಸರಿಹೋಯಿತೆಂದ ಮಾತ್ರಕ್ಕೆ ಅವನ ಋಣ ತೀರಿತೆನ್ನಲಾಗದು. ಹಾಗೆ ತೀರಿತೆಂದು ನೆಮ್ಮದಿಯಾಗಿ ನಿದ್ರಿಸುವ ದಾದಿಯ ಕೈಗೆ ಆ ಚೀಟಿಯ ಕಟ್ಟನ್ನು ಕೊಡಲು ನಾನಂತೂ ಹೆದರುವೆ.

ನಿಯಮವನ್ನು ಕಂಠಪಾಠ ಮಾಡಿದರೆ ಸಾಲದು ಎಂಬುದಕ್ಕೆ ಎರಡು ನಿದರ್ಶನಗಳು. ಸಿಡಿಲು ಹಲವರಿಗೆ ಒಟ್ಟಿಗೆ ಬಡಿದಾಗ ಕ್ರಮವೇ ತಲೆಕೆಳಗು: ನರಳುವವರು ಬಹುಮಟ್ಟಿಗೆ ಬದುಕುತ್ತಾರೆ, ಸತ್ತಂತೆ ಬಿದ್ದವನಿಗೇ ಮೊದಲು ಕೈ ಹಚ್ಚಬೇಕು; ನಿಂತ ಹೃದಯ ಮತ್ತೆ ಮಿಡಿಯುವ ಸಂಭವ ಅಲ್ಲಿ ಹೆಚ್ಚು. ಇನ್ನು 1984ರ ಡಿಸೆಂಬರಿನ ಭೋಪಾಲ. ಅನಿಲಕ್ಕೆ ಹೆದರಿ ಓಡಿದವರು ಅದನ್ನು ಹೆಚ್ಚು ಸೇದಿದರು. ಕಾಲ ಮೇಲೆ ನಡೆದು ಆಸ್ಪತ್ರೆ ಮುಟ್ಟಿದವನ ಶ್ವಾಸಕೋಶದಲ್ಲಿಯೂ ಕೆಲವು ಗಂಟೆಗಳ ಮೇಲೆ ನೀರು ತುಂಬಬಹುದಿತ್ತು. ನಡೆಯಬಲ್ಲವನು ಹಸಿರು ಎಂಬ ಸೂತ್ರ ಅಂಥ ರಾತ್ರಿಯಲ್ಲಿ ಮೋಸಮಾಡುತ್ತದೆ. ಆದ್ದರಿಂದ ನುರಿತ ದಾದಿ ಒಮ್ಮೆ ಕಟ್ಟಿದ ಚೀಟಿಯನ್ನು ತೀರ್ಪೆಂದು ಭಾವಿಸದೆ ಮತ್ತೆ ಮತ್ತೆ ತಿರುಗಿ ಬಂದು ನೋಡುತ್ತಾಳೆ.

ನಮ್ಮ ಮುಂಬಯಿಯ ಕಾಮಾ ಆಸ್ಪತ್ರೆಯಲ್ಲಿ 2008ರ ನವೆಂಬರ್ 26ರ ರಾತ್ರಿ ನಡೆದದ್ದು ಬೇರೆ ಬಗೆಯದು. ಬಂದೂಕುಧಾರಿಗಳು ಇಬ್ಬರು ಕಾವಲುಗಾರರನ್ನು ಕೊಂದು ಒಳನುಗ್ಗಿದಾಗ ದಾದಿ ಅಂಜಲಿ ಕುಲ್ಥೆಯವರ ವಾರ್ಡಿನಲ್ಲಿ 20 ಮಂದಿ ಗರ್ಭಿಣಿಯರಿದ್ದರು. ಬಾಗಿಲು ಭದ್ರಪಡಿಸಿ ಎಲ್ಲರನ್ನೂ ಕೊನೆಯ ಸಣ್ಣ ಉಪಾಹಾರದ ಕೋಣೆಗೆ ಸೇರಿಸಿದರು. ಅಷ್ಟರಲ್ಲಿ ಒಬ್ಬಾಕೆಗೆ ಹೆರಿಗೆ ನೋವು. ಗುಂಡಿನ ಸದ್ದಿನ ನಡುವೆಯೇ ಆಕೆಯನ್ನು ಗೋಡೆಗೆ ಆತುಕೊಂಡು ಮೆಟ್ಟಿಲು ಹತ್ತಿಸಿ ಹೆರಿಗೆ ಕೋಣೆಗೆ ಮುಟ್ಟಿಸಿದರು. ಒಬ್ಬಳಿಗಾಗಿ ಹತ್ತೊಂಬತ್ತು ಜನರನ್ನು ಬಿಟ್ಟು ಹೋದದ್ದು ಲೆಕ್ಕಕ್ಕೆ ವಿರುದ್ಧವಲ್ಲವೇ ಎನ್ನಬಹುದು. ಆದರೆ ಹತ್ತೊಂಬತ್ತು ಮಂದಿಗೆ ಆ ಹೊತ್ತಿನಲ್ಲಿ ಮಾಡಬಹುದಾದದ್ದು ಆಗಿತ್ತು. ಹೆರಿಗೆ ಮಾತ್ರ ಕಾಯುವಂತಿರಲಿಲ್ಲ. ಯಾವ ಬಣ್ಣದ ಚೀಟಿಯೂ ಇದನ್ನು ಹೇಳಿಕೊಡುತ್ತಿರಲಿಲ್ಲ.

ಇಂಥವರನ್ನು ದೇವಿಯೆಂದು ಹೊಗಳಿ ಹಾರ ಹಾಕುವ ನಮ್ಮ ಚಾಳಿ ನನಗೆ ಅಷ್ಟಾಗಿ ರುಚಿಸದು. ದೇವಿಗೆ ತರಬೇತಿ ಬೇಡ, ರಜೆ ಬೇಡ, ಪಾಳಿಗೆ ಇನ್ನೊಬ್ಬಳು ಜೊತೆಗಾತಿಯೂ ಬೇಡ! ಕುಲ್ಥೆಯವರು ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲು ಹೋದಾಗ ತಮ್ಮ ಸಮವಸ್ತ್ರವನ್ನೇ ಧರಿಸುವೆನೆಂದು ಪಟ್ಟು ಹಿಡಿದರು. 2022ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಮಾತನಾಡಿದಾಗಲೂ ಅವರು ಆ ಸಮವಸ್ತ್ರದ ವಿಷಯವನ್ನು ಎತ್ತಿದರು.

ಕಪ್ಪು ಚೀಟಿಯವನ ವಿಷಯ ಇನ್ನೂ ಬಾಕಿಯಿದೆ. ಕೆಂಪು ಚೀಟಿಯವರು ಒಳಗೆ ಸಾಗಿ ಕೈ ಬಿಡುವಾದೊಡನೆ ಅವನ ಬಳಿಗೆ ಮರಳಬೇಕೆಂಬುದು ದಾದಿಯ ಪಾಠದಲ್ಲಿಯೇ ಇದೆ. ಉಸಿರು ಕಂಡರೆ ಚೀಟಿ ಬದಲಾಗುತ್ತದೆ. ಉಳಿಯುವಂತಿಲ್ಲದಿದ್ದರೆ ನೋವಿಗೆ ಔಷಧ, ಮೈಮೇಲೊಂದು ಹೊದಿಕೆ, ಸಾಧ್ಯವಾದರೆ ಹತ್ತಿರ ಕುಳಿತುಕೊಳ್ಳಲು ಒಬ್ಬರು.