ನಮ್ಮ ಜವಾಬ್ದಾರಿ ನಮ್ಮದು

ಆಸಾಡಿ ಅಮಾವಾಸ್ಯೆ ಕಳೆದ ವಾರ ಬೆಂಗಳೂರಿನಿಂದ ನನ್ನ ನಾಲ್ವರು ಸಹೋದ್ಯೋಗಿಗಳು ಊರಿಗೆ ಬಂದಿದ್ದರು. ಮಳೆಗಾಲದ ಕುಂದಾಪುರ ತೋರಿಸು ಎಂದು ಮೂರು ವರ್ಷದಿಂದ ಕಾಡಿದವರು. ನನಗೆ ಗೊತ್ತಿರುವ ಮಳೆಗಾಲವೆಂದರೆ ಒಣಗದ ಬಟ್ಟೆ, ಕರೆಂಟಿಲ್ಲದ ರಾತ್ರಿ, ಅಂಗಳದ ಪಾಚಿಯಲ್ಲಿ ಜಾರುವ ಕಾಲು. ಇದನ್ನೆಲ್ಲ ಯಾರಿಗೆ ತೋರಿಸುವುದು? ಕೊನೆಗೆ ಒಂದು ದಿನದ ಪ್ರವಾಸ ಮಾಡಿಸುವವರನ್ನು ಹುಡುಕಿದೆ. ವ್ಯಾನು ಅವರದ್ದೇ, ಗೈಡೂ ಅವರವನೇ. ಬೆಳಿಗ್ಗೆ ಬ್ರಹ್ಮಾವರದ ಮೇಲಿಂದ ಹೆಬ್ರಿ ಕಡೆಗೆ ಹೋಗಿ ಸೀತಾನದಿಯಲ್ಲಿ ರ್‍ಯಾಫ್ಟಿಂಗ್, ಮಧ್ಯಾಹ್ನ ನೀರ್ದೋಸೆ, ಕೋಳಿಸಾರು, ಆಮೇಲೆ ಕೊಲ್ಲೂರು ಕಡೆಯ ಕಾಡಿನಲ್ಲಿ ಒಂದು ಜಲಪಾತ, ಸಂಜೆಗೆ ಮರವಂತೆ. ನಿನ್ನ ಊರು ತೋರಿಸಲು ನೀನೇ ದುಡ್ಡು ಕೊಟ್ಟು ಇನ್ನೊಬ್ಬನನ್ನು ಕರೆದೆಯಾ ಎಂದು ಅಮ್ಮ ಎರಡು ದಿನ ನಕ್ಕಳು.

ಗೈಡ್ ಬೈಂದೂರು ಕಡೆಯ ಹುಡುಗ, ಇಪ್ಪತ್ತೇಳು ಇಪ್ಪತ್ತೆಂಟಿರಬಹುದು. ಮೊದಲು ನನಗೂ 'ಸರ್' ಅನ್ನುತ್ತಿದ್ದ. ನಾನು ಕುಂದಾಪ್ರ ಕನ್ನಡದಲ್ಲಿ ಎರಡು ಮಾತಾಡಿದ್ದೇ ತಡ, 'ಅಣ್ಣ' ಆದೆ. ಆ 'ಅಣ್ಣ'ನ ಸಲುಗೆಯನ್ನು ಅದೇ ಮಧ್ಯಾಹ್ನ ನಾನು ಹೇಗೆ ಬಳಸಿಕೊಂಡೆ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸೀತಾನದಿಯಲ್ಲಿ ಈ ಆಟ ನಡೆಯುವುದು ಮಳೆಗಾಲದಲ್ಲಿ ಮಾತ್ರ. ಬೇಸಿಗೆಯಲ್ಲಿ ಅಲ್ಲಿ ಕಲ್ಲುಗಳೇ ಕಾಣುತ್ತವೆ. ಘಟ್ಟದಿಂದ ಇಳಿದ ಹೊಳೆ ಬಾರ್ಕೂರು ದಾಟಿ ಕೋಡಿಬೆಂಗ್ರೆಯ ಹತ್ತಿರ ಸ್ವರ್ಣೆಯ ಜೊತೆ ಕಡಲು ಸೇರುವಷ್ಟರಲ್ಲಿ ಎಷ್ಟು ಸಾಧುವಾಗಿರುತ್ತದೆಂದರೆ, ಮೇಲೆ ಅದು ಹೀಗೆ ಹಾರಾಡಿಕೊಂಡು ಬಂದಿದೆ ಎಂದು ನಂಬುವುದು ಕಷ್ಟ. ಹೆಲ್ಮೆಟ್ಟು, ಲೈಫ್ ಜಾಕೆಟ್ಟು ಹಾಕಿಸಿದರು. ಬಿದ್ದರೆ ಈಜಲು ಹೋಗಬೇಡಿ, ಅಂಗಾತ ಮಲಗಿ, ಕಾಲು ನೀರು ಹರಿಯುವ ದಿಕ್ಕಿಗಿರಲಿ ಎಂದು ದಡದಲ್ಲೇ ಪಾಠ ಮಾಡಿದರು. ಜೊತೆಗೆ ಒಂದು ಫಾರಂ. 'ಆಗುವ ಅನಾಹುತಕ್ಕೆ ನಾನೇ ಹೊಣೆ' ಎನ್ನುವ ಅರ್ಥದ್ದು. ಯಾರೂ ಪೂರ್ತಿ ಓದಲಿಲ್ಲ. ಒಬ್ಬ ಮಿತ್ರರು ಸಹಿ ಹಾಕುತ್ತಾ, 'ಮದುವೆಯಲ್ಲಿ ಇದಕ್ಕಿಂತ ದೊಡ್ಡದಕ್ಕೆ ಸಹಿ ಹಾಕಿದ್ದೇನೆ' ಎಂದರು. ನಕ್ಕೆವು. ನೀರಿನಲ್ಲಿದ್ದ ಒಂದೂವರೆ ಗಂಟೆಯಲ್ಲಿ ನಾವು ಕಿರುಚಿದ್ದಕ್ಕೆ, ಒದ್ದೆಯಾದದ್ದಕ್ಕೆ, ಹುಟ್ಟು ತಿರುಗಾಮುರುಗಾ ಹಾಕಿ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಬಹಳ ಖುಷಿಯಾಯಿತು. ಹೆದರಿಕೆಯನ್ನು ದುಡ್ಡು ಕೊಟ್ಟು ಕೊಂಡು ಖುಷಿಪಡುವುದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ.

ಊಟ ಮುಗಿಸಿ ಹೋಗುವಾಗ ದಾರಿಯಲ್ಲೊಂದು ಕಡೆ ವ್ಯಾನು ನಿಂತಿತು. ಗದ್ದೆಯಾಚೆ ಹಳ್ಳ, ಹಳ್ಳದ ಮೇಲೊಂದು ಕಾಲುಸಂಕ. ಮೂರು ಅಡಿಕೆ ಮರ ಜೋಡಿಸಿ ಕಟ್ಟಿದ್ದು, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು. ನಮ್ಮವರಿಗೆ ಅದೊಂದು ಹಬ್ಬವೇ ಆಯಿತು. ಒಬ್ಬರು ಮಧ್ಯದಲ್ಲಿ ನಿಂತು ಎರಡೂ ಕೈ ಚಾಚಿದರು, ಇನ್ನೊಬ್ಬರು ವಿಡಿಯೊ ಮಾಡಿದರು, ಸಂಕ ಸ್ವಲ್ಪ ತೂಗಿತು, ಎಲ್ಲರೂ ಹೋ ಎಂದರು. ಗೈಡ್ ಹುಡುಗ ನಗಲಿಲ್ಲ. 'ಸಾಕ್, ಬನ್ನಿ' ಎಂದ.

ನಾನೂ ಇಂಥದ್ದೇ ಸಂಕ ದಾಟಿ ಶಾಲೆಗೆ ಹೋದವನು. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ನಾಲ್ಕು ಮನೆಯವರು ಸೇರಿ ಅದನ್ನು ಹೊಸದಾಗಿ ಕಟ್ಟುತ್ತಿದ್ದರು. ನಾವು ದಾಟುವವರೆಗೆ ಅಮ್ಮಮ್ಮ ಈಚೆ ದಡದಲ್ಲಿ ಕೊರಂಬು ಸೂಡಿ ನಿಂತಿರುತ್ತಿದ್ದಳು. ಜೋರು ಮಳೆಯಲ್ಲಿ ಆಚೆ ದಡ ಕಾಣುವುದಿಲ್ಲ. ಆದ್ದರಿಂದ ದಾಟಿದವರು 'ಕೂ' ಎಂದು ಕೂಗಬೇಕು. ಅವಳು ತಿರುಗಿ 'ಕೂ' ಎನ್ನುವಳು. ಒಮ್ಮೆ ನಾನು ತಮಾಷೆಗೆ ಕೂಗದೆ ಓಡಿಬಿಟ್ಟೆ. ಆಗ ಎಪ್ಪತ್ತು ದಾಟಿದ್ದ ಅಮ್ಮಮ್ಮ ಸಂಕ ದಾಟಿಕೊಂಡು ಶಾಲೆಯ ಬಾಗಿಲಿಗೇ ಬಂದಿದ್ದಳು. ಬೈಯಲಿಲ್ಲ, ಮಾಸ್ತರರ ಎದುರೇ ನನ್ನ ತಲೆ ಮುಟ್ಟಿ ನೋಡಿ ಹಿಂದೆ ಹೋದಳು.

2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ, ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ಕೊಚ್ಚಿಹೋದಳು. ಪತ್ರಿಕೆ ಓದುವ ಕರಾವಳಿಯವರಿಗೆಲ್ಲ ಅದು ನೆನಪಿದೆ. ಅವಳು ಯಾವ ಫಾರಂಗೂ ಸಹಿ ಹಾಕಿರಲಿಲ್ಲ. ಅವಳಿಗೆ ಆ ದಾರಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ, ಅಷ್ಟೆ. ಬೆಳಿಗ್ಗೆ ನಾವು ದುಡ್ಡು ಕೊಟ್ಟು ಇಳಿದದ್ದೂ ಅದೇ ಮಳೆಯ ನೀರಿಗೆ. ಸಂಕದ ಮೇಲೆ ಕೈ ಚಾಚಿ ನಿಂತ ಮಿತ್ರರಿಗೆ ಇದನ್ನು ಹೇಳಬೇಕೆಂದುಕೊಂಡೆ. ಅವರ ಖುಷಿ ಕೆಡಿಸಲು ಮನಸ್ಸಾಗಲಿಲ್ಲ.

ಜಲಪಾತದ ದಾರಿ ಶುರುವಾಗುವಲ್ಲಿ ಒಂದು ಬೋರ್ಡು ಇತ್ತು, ಮಳೆಗಾಲದಲ್ಲಿ ಮುಂದೆ ಹೋಗಬಾರದೆಂದು. ಗೈಡ್ ಇಲ್ಲಿಂದಲೇ ನೋಡಿ ಎಂದ. ಮರಗಳ ಸಂದಿಯಲ್ಲಿ ದೂರದಲ್ಲೊಂದು ಬಿಳಿ ಗೀರು ಕಾಣುತ್ತಿತ್ತು. ಇಷ್ಟಕ್ಕಾಗಿ ಬಂದದ್ದಾ? ಮಳೆ ನಿಂತು ಗಂಟೆಯಾಗಿತ್ತು, ಬಿಸಿಲು ಬೇರೆ ಬಂದಿತ್ತು. ಎದುರಿನ ತೊರೆಯಲ್ಲಿ ಮೊಣಕಾಲುದ್ದ ನೀರು. ಅದನ್ನು ದಾಟಿ ಇಪ್ಪತ್ತು ನಿಮಿಷ ನಡೆದರೆ ಜಲಪಾತದ ಬುಡ. ಒಬ್ಬರು ಹೆಚ್ಚಿಗೆ ದುಡ್ಡು ಕೊಡುತ್ತೇವೆಂದರು. ಇನ್ನೊಬ್ಬರು ಬೇಕಿದ್ದರೆ ಬರೆದುಕೊಡುತ್ತೇವೆಂದರು. ಅವನು ತಲೆ ಅಲ್ಲಾಡಿಸಿದ. ಎಲ್ಲರೂ ನನ್ನ ಮುಖ ನೋಡಿದರು. ನಾನು ಅವನ ಹೆಗಲ ಮೇಲೆ ಕೈಹಾಕಿ ಸ್ವಲ್ಪ ಈಚೆ ಕರೆದುಕೊಂಡು ಹೋಗಿ ನಮ್ಮ ಭಾಷೆಯಲ್ಲಿ ಹೇಳಿದೆ: 'ಎಂತ ಆತಿಲ್ಲ ಮಾರಾಯ. ನಾವೂ ಊರವ್ರೇ ಅಲ್ದಾ? ನಮ್ ಜವಾಬ್ದಾರಿ ನಮ್ದು.'

ಅವನು ತೊರೆಯ ಕಡೆ ನೋಡಿ, 'ಇಪ್ಪು ನೀರ್ ಕಾಂತ್ ಅಣ್ಣ, ಬಪ್ಪು ನೀರ್ ಕಾಂತಿಲ್ಲ' ಎಂದ. ನಿಜವೇ. ನಮ್ಮ ಹೊಳೆಗಳು ಉದ್ದದವಲ್ಲ. ಘಟ್ಟದ ಮೇಲೆ ಒಂದು ಗಂಟೆ ಸುರಿದರೆ ಇಲ್ಲಿ ಬಿಸಿಲಿರುವಾಗಲೇ ನೀರು ಏರಿಬಿಡುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಇನ್ನೊಮ್ಮೆ ಒತ್ತಾಯ ಮಾಡಿದೆ. ಆಗ ಅವನು, 'ನಾನ್ ಒಂದ್ ಸಲ ಹುಡ್ಕುಕ್ ಹೋಯಿದೆ. ಎರಡ್ ದಿನ' ಎಂದ. ಯಾರನ್ನು, ಎಲ್ಲಿ ಎಂದು ನಾನು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಎಲ್ಲರಿಗೂ ಕೇಳುವಂತೆ, 'ಆಗುದಿಲ್ಲ ಸರ್' ಎಂದ. ನನಗೂ ಸೇರಿಸಿಯೇ 'ಸರ್'.

ಆವತ್ತಿನಿಂದ ನನ್ನ ಆ ವಾಕ್ಯವೇ ತಲೆಯಲ್ಲಿ ಕುಳಿತಿದೆ. ನಮ್ಮ ಜವಾಬ್ದಾರಿ ನಮ್ಮದು. ಕೇಳಲಿಕ್ಕೆ ಎಷ್ಟು ಮರ್ಯಾದಸ್ಥ ಮಾತು! ನಿನಗೆ ತೊಂದರೆ ಕೊಡುವುದಿಲ್ಲ, ನಮ್ಮದನ್ನು ನಾವು ನೋಡಿಕೊಳ್ಳುತ್ತೇವೆ ಎಂದಂತೆ. ಆದರೆ ಜವಾಬ್ದಾರಿ ಎಂಬ ಪದದೊಳಗೆ ಒಂದು ಜವಾಬು ಇದೆ. ಕೇಳಿದಾಗ ಉತ್ತರ ಕೊಡಲು ಎದುರಿಗೆ ಇರುವವನು ಜವಾಬ್ದಾರ. ಏನೂ ಆಗದೆ ತಿರುಗಿ ಬಂದರೆ ಯಾರೂ ಜವಾಬು ಕೇಳುವುದಿಲ್ಲ. ಆಗಬಾರದ್ದು ಆದರೆ ಕೇಳುತ್ತಾರೆ, ಜವಾಬು ಕೊಡಲು ನಾವಿರುವುದಿಲ್ಲ. ಅವನಿರುತ್ತಾನೆ. ಪೊಲೀಸರಿಗೆ, ನಮ್ಮ ಮನೆಯವರಿಗೆ, ಕ್ಯಾಮರಾ ಹಿಡಿದು ಬಂದವರಿಗೆ, ಅವನ ರಾತ್ರಿಗಳಿಗೆ. ಹಾಗಿದ್ದರೆ ನಾನು ಹೊರುತ್ತೇನೆಂದದ್ದು ಯಾವ ಜವಾಬ್ದಾರಿ?

ಈ ವಿಷಯದಲ್ಲಿ ಜಾನ್ ಸ್ಟುವರ್ಟ್ ಮಿಲ್ ನೆನಪಾಗುತ್ತಾನೆ. 1859ರ 'ಆನ್ ಲಿಬರ್ಟಿ'ಯಲ್ಲಿ ಅವನೂ ಒಂದು ಸೇತುವೆಯ ಮಾತು ತೆಗೆಯುತ್ತಾನೆ. ಮುರಿಯುವಂತಿರುವ ಸೇತುವೆಯ ಮೇಲೆ ಒಬ್ಬ ಹೊರಟಿದ್ದಾನೆ, ಎಚ್ಚರಿಸಲು ಸಮಯವಿಲ್ಲ. ಆಗ ಅವನನ್ನು ಹಿಡಿದೆಳೆದರೆ ಅವನ ಸ್ವಾತಂತ್ರ್ಯಕ್ಕೆ ಧಕ್ಕೆಯಿಲ್ಲ, ಯಾಕೆಂದರೆ ಹೊಳೆಗೆ ಬೀಳುವುದು ಅವನ ಇಷ್ಟವೇನಲ್ಲ. ಆದರೆ ಅಪಾಯ ಖಚಿತವಲ್ಲ, ಬರೀ ಸಾಧ್ಯತೆ ಎಂದಾದರೆ, ಎಚ್ಚರಿಸಿ ಬಿಟ್ಟುಬಿಡಬೇಕು. ದಾಟುವುದೋ ಬಿಡುವುದೋ ಅವನೇ ತೀರ್ಮಾನಿಸಲಿ. ಕಾಲೇಜಿನಲ್ಲಿ ಓದಿದಾಗ ಇದಕ್ಕಿಂತ ನ್ಯಾಯವಾದ ಮಾತಿಲ್ಲ ಅನಿಸಿತ್ತು. ಈಗ ನೋಡಿದರೆ ಮಿಲ್‌ನ ಸೇತುವೆಯ ಆಚೀಚೆ ಮನೆಗಳೇ ಇಲ್ಲ. ದಾಟುವವನೊಬ್ಬ, ತಡೆಯುವವನೊಬ್ಬ, ಅಷ್ಟೇ. ಸೇತುವೆ ಮುರಿದ ಮೇಲೆ ಹಗ್ಗ ತರುವವರು ಯಾರು, ಕತ್ತಲಾದ ಮೇಲೆ ಟಾರ್ಚು ಹಿಡಿದು ದಡದುದ್ದಕ್ಕೆ ನಡೆಯುವವರು ಯಾರು ಎಂಬ ಪ್ರಶ್ನೆಗೆ ಆ ಸೇತುವೆಯ ಮೇಲೆ ಜಾಗವಿಲ್ಲ.

2023ರ ಜುಲೈಯಲ್ಲಿ ಕೊಲ್ಲೂರು ಹತ್ತಿರದ ಅರಶಿನಗುಂಡಿ ಜಲಪಾತದಲ್ಲಿ ಭದ್ರಾವತಿಯ ಯುವಕನೊಬ್ಬ ಬಂಡೆಯಿಂದ ಜಾರಿ ಬಿದ್ದ. ಜೊತೆಗಿದ್ದವರು ವಿಡಿಯೊ ಮಾಡುತ್ತಿದ್ದರು. ಆ ಕೆಲವು ಕ್ಷಣಗಳನ್ನು ಊರೆಲ್ಲ ನೋಡಿತು, ನಾನೂ ನೋಡಿದೆ, ಬೇರೆಯವರಿಗೆ ಕಳಿಸಿಯೂ ಇದ್ದೆ. ಶವ ಸಿಗಲು ಸುಮಾರು ಒಂದು ವಾರ ಹಿಡಿಯಿತು. ಆ ವಿಡಿಯೊದಲ್ಲಿ ಕಾಣುವುದು ಒಬ್ಬನೇ. ಆ ವಾರವಿಡೀ ಅದೇ ನೀರಿಗೆ, ಅದೇ ಬಂಡೆಗಳಿಗೆ ಇಳಿದವರು ಅದರಲ್ಲಿಲ್ಲ. ಅವನ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಆ ವಯಸ್ಸಿನಲ್ಲಿ ನಾನು ನಿಂತಿದ್ದ ಬಂಡೆಗಳೂ ಅಷ್ಟೇ ಜಾರುತ್ತಿದ್ದವು.

ಹಾಗಾದರೆ ಬೆಳಿಗ್ಗೆಯ ರ್‍ಯಾಫ್ಟಿಂಗ್ ಸರಿ, ಮಧ್ಯಾಹ್ನದ ತೊರೆ ತಪ್ಪು ಎಂಬುದು ಎಲ್ಲಿಯ ನ್ಯಾಯ ಎಂದು ವ್ಯಾನಿನಲ್ಲೇ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನನಗೆ ತೋಚಿದ್ದು ಇಷ್ಟು. ಬೆಳಿಗ್ಗೆ ಬೀಳುವವನನ್ನು ಎತ್ತುವ ವ್ಯವಸ್ಥೆ ಆಟದೊಳಗೇ ಇತ್ತು. ಹಗ್ಗ ಹಿಡಿದವನಿದ್ದ, ಪಕ್ಕದಲ್ಲೇ ಕಯಾಕ್‌ನಲ್ಲೊಬ್ಬನಿದ್ದ, ಎಲ್ಲಕ್ಕಿಂತ ಹೆಚ್ಚಾಗಿ ನೀರು ಬಲ್ಲವನೊಬ್ಬ ಅದೇ ದೋಣಿಯ ಹಿಂದೆ ಕುಳಿತು, ಇವತ್ತು ಇಳಿಯಬಹುದು ಎಂದು ತಾನೇ ಹೇಳಿದ್ದ. ಮಧ್ಯಾಹ್ನ ನೀರು ಬಲ್ಲವನು ಬೇಡವೆಂದಿದ್ದ. ನೀರು ಗೊತ್ತಿಲ್ಲದ ನಾವು ಅವನ ಮಾತನ್ನು ದುಡ್ಡಿನಿಂದಲೂ ಸಲುಗೆಯಿಂದಲೂ ಅಳಿಸಲು ನೋಡಿದೆವು.

ಸಂಬಳ ಕೊಟ್ಟರೆ ಸರಿಹೋಯಿತಲ್ಲ, ಅವನ ಕೆಲಸವೇ ಅದಲ್ಲವೇ ಎಂಬ ವಾದವೂ ಇದೆ. ಎವರೆಸ್ಟಿನಲ್ಲಿ ಇದೇ ವಾದ ಬಹಳ ಕಾಲ ನಡೆಯಿತು. 2014ರ ಏಪ್ರಿಲ್ 18ರಂದು ಖುಂಬು ಹಿಮಪಾತದಲ್ಲಿ, ಬೇರೆಯವರು ಹತ್ತುವ ದಾರಿಯಲ್ಲಿ ಸಾಮಾನು ಹೊರುತ್ತಿದ್ದ 16 ಮಂದಿ ನೇಪಾಳಿ ಕೆಲಸಗಾರರು ಸತ್ತರು. ಅವರೂ ಸಂಬಳದವರೇ, ಒಪ್ಪಿಕೊಂಡು ಹೋದವರೇ. ಉಳಿದ ಶೆರ್ಪಾಗಳು ಆ ವರ್ಷ ಆ ಕಡೆಯಿಂದ ಹತ್ತುವುದಿಲ್ಲವೆಂದರು. ಲಕ್ಷಗಟ್ಟಲೆ ಕೊಟ್ಟು ಬಂದವರು ಇಳಿದು ಹೋಗಬೇಕಾಯಿತು. ಕೂಲಿ ಕೊಟ್ಟವನಿಗೆ ಕೆಲಸ ಸಿಗಬೇಕು, ಸರಿ. ಬೇಡ ಎನ್ನುವ ಮಾತೂ ಆ ಕೆಲಸದೊಳಗೇ ಇದೆ ಎಂದು ನಾವು ಯಾಕೋ ಒಪ್ಪುವುದಿಲ್ಲ. ಎಲೆಕ್ಟ್ರಿಷಿಯನ್ ಈ ವೈರು ಮುಟ್ಟಬೇಡಿ ಎಂದರೆ ಕೈ ಹಿಂದೆ ತೆಗೆಯುತ್ತೇವೆ. ಹಳ್ಳಿಯ ಹುಡುಗ ಈ ನೀರು ಬೇಡ ಎಂದರೆ ಚೌಕಾಸಿ ಶುರು ಮಾಡುತ್ತೇವೆ.

ಕಥೆಯಲ್ಲಾದರೆ ಇಲ್ಲಿ ಘಟ್ಟದ ಮೇಲೆ ಮಳೆ ಸುರಿದು ತೊರೆ ಉಕ್ಕಬೇಕಿತ್ತು, ನಾವೆಲ್ಲ ಅವನ ಕೈಹಿಡಿದು ಕಣ್ಣೀರು ಹಾಕಬೇಕಿತ್ತು. ಹಾಗೇನೂ ಆಗಲಿಲ್ಲ. ಅರ್ಧ ಗಂಟೆ ಅಲ್ಲೇ ಕುಳಿತೆವು, ಜಿಗಣೆ ಬಿಡಿಸಿಕೊಂಡೆವು. ನೀರು ಒಂದು ಬೆರಳೂ ಏರಲಿಲ್ಲ. ಹೋಗಿದ್ದರೆ ಹಾಯಾಗಿ ಹೋಗಿ ಬರುತ್ತಿದ್ದೆವು. ತಡೆದವನ ಕಷ್ಟ ಇದೇ. ಹೋಗಲು ಬಿಟ್ಟು ಅನಾಹುತವಾದರೆ ಅವನ ತಪ್ಪಿಗೆ ನೂರು ಸಾಕ್ಷಿ. ತಡೆದದ್ದು ಸರಿ ಎನ್ನಲು ಒಂದು ಸಾಕ್ಷಿಯೂ ಸಿಗುವುದಿಲ್ಲ. ಆಗದೇ ಹೋದದ್ದನ್ನು ಯಾರು ತಂದು ತೋರಿಸಬೇಕು?

ಮರವಂತೆಯಲ್ಲಿ ಇಳಿದಾಗ ಒಂದು ಬದಿಗೆ ಸೌಪರ್ಣಿಕೆ ಸುಮ್ಮನಿತ್ತು, ಹೆದ್ದಾರಿಯಾಚೆ ಕಡಲು ಕಲ್ಲುಗಳಿಗೆ ಅಪ್ಪಳಿಸುತ್ತಿತ್ತು. ನಮ್ಮೊಳಗೂ ಯಾರೂ ಹೆಚ್ಚು ಮಾತಾಡಲಿಲ್ಲ. ಚಾ ಕುಡಿಯುತ್ತಾ ಒಬ್ಬರು ಮೊಬೈಲಿನಲ್ಲಿ ಅವನಿಗೆ ಮೂರು ನಕ್ಷತ್ರ ಕೊಟ್ಟರು. 'ಹೇಳಿದ ಜಾಗಕ್ಕೆ ಪೂರ್ತಿ ಕರೆದುಕೊಂಡು ಹೋಗಲಿಲ್ಲ' ಎಂದು ಬರೆದದ್ದನ್ನು ನನಗೂ ತೋರಿಸಿದರು. ಬೇಡ ಎನ್ನಬಹುದಿತ್ತು. ಸತ್ಯವೇ ತಾನೇ ಬರೆದದ್ದು ಎಂದುಕೊಂಡು ಚಾ ಕುಡಿದೆ. ನಾನೊಂದು ಐದು ನಕ್ಷತ್ರ ಕೊಟ್ಟು ಎರಡು ಸಾಲು ಬರೆಯಬಹುದಿತ್ತು. ಅದನ್ನೂ ಮಾಡಲಿಲ್ಲ. ಒತ್ತಾಯ ಮಾಡಿದವನು ನಾನೇ ಎಂದು ಅದರಲ್ಲಿ ಬರೆಯಬೇಕಾಗುತ್ತಿತ್ತು.

ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲಿ ನಮ್ಮನ್ನು ಇಳಿಸುವಾಗ ಮತ್ತೆ ಮಳೆ ಹಿಡಿದಿತ್ತು. ಅಲ್ಲಿಂದ ನಮ್ಮ ಮನೆಗೆ ಆರೇಳು ಕಿಲೋಮೀಟರು. ಆಟೊ ಮಾಡಿಕೊಂಡು ಹೋಗುತ್ತೇವೆಂದೆ. ದುಡ್ಡು ಎಣಿಸಿಕೊಂಡು ಜೇಬಿಗಿಟ್ಟ ಮೇಲೆ ಅವನು, 'ಮುಟ್ಟಿದ್ ಮೇಲ್ ಒಂದ್ ಫೋನ್ ಮಾಡಿ' ಎಂದ. ಎಲ್ಲರಿಗೂ ಹೇಳುವ ಮಾತೇ ಇರಬೇಕು. ಹೂಂ ಎಂದೆ.

ಮನೆಗೆ ಬಂದು ಸ್ನಾನ, ಊಟ, ಹರಟೆಯಲ್ಲಿ ಮರೆತೇ ಹೋಯಿತು. ಒಂಬತ್ತೂವರೆಗೆ ಅವನೇ ಫೋನ್ ಮಾಡಿದ. ಆ ಬದಿಯಲ್ಲೂ ಹಂಚಿನ ಮೇಲೆ ಮಳೆ ಬೀಳುವ ಸದ್ದು.

'ಮುಟ್ಟಿದ್ರ್ಯಾ ಅಣ್ಣ?'

'ಹ್ಞಾಂ, ಮುಟ್ಟಿತ್' ಎಂದೆ.