ಮುಖವಿಲ್ಲದ ಬುದ್ಧ

ವಾಹನದ ನಂಬರನ್ನು ಕೈಯಲ್ಲೇ ಬರೆಸುತ್ತಿದ್ದ ದಿನಗಳವು. ಸ್ಕೂಟರ್ ನಿಲ್ಲಿಸಿ ರಾಜಾಜಿನಗರದ ಪೇಂಟರ್ ಅಂಗಡಿಯೊಂದರ ಮುಂದೆ ಕೂತಿದ್ದೆ. ಆಟೋದವರೊಬ್ಬರು ಬಂದು, "ಭಾಯ್, ಗಾಡಿ ಹಿಂದೆ ಬುದ್ಧನ್ನ ಬರೆದುಕೊಡಿ" ಎಂದರು. ಅವರ ಆಟೋದಲ್ಲಿ ಶಂಕರ್‌ನಾಗ್ ಸ್ಟಿಕ್ಕರಿನ ಪಕ್ಕದಲ್ಲಿ ಅಂಬೇಡ್ಕರ್ ಫೋಟೋ ಇತ್ತು. ವಯಸ್ಸಾದ ಪೇಂಟರ್ ಬ್ರಷ್ ಒರೆಸುತ್ತಾ, "ಹೂವು, ಬಳ್ಳಿ, ಅಕ್ಷರ ಏನು ಬೇಕಾದ್ರೂ ಬರೀತೀನಿ ಅಣ್ಣ. ಮುಖ ಬರೆಯಲ್ಲ" ಎಂದರು.

ಆಟೋದವರು ಸಪ್ಪಗಾದರು. "ಬುದ್ಧ ಅಂದ್ರೆ ನಿಮಗೂ ಅಸಡ್ಡೆನಾ?"

ಆ 'ನಿಮಗೂ' ಎಂಬ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರು ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದರು. ಆ ದಾರಿಯಲ್ಲಿ ನಡೆದವರಿಗೆ ಬುದ್ಧ ಶೋಕೇಸಿನ ಅಲಂಕಾರವಲ್ಲ. ಗುಡಿಯ ಹೊರಗೆ ನಿಲ್ಲಿಸಲ್ಪಟ್ಟವರ ಮಕ್ಕಳು ದುಡಿದು ಕೊಂಡ ಗಾಡಿಯ ಮೇಲೆ ಆ ಚಿತ್ರ ಬರೆಸುವುದು ತಲೆಯೆತ್ತಿ ಬದುಕುತ್ತಿದ್ದೇವೆಂದು ಹೇಳುವ ರೀತಿ. ಅದಕ್ಕೆ 'ಇಲ್ಲ' ಎಂದರೆ ಹಳೆಯ ಗಾಯವೇ ನೋಯುತ್ತದೆ.

ಪೇಂಟರ್ ಕೂಡ ಸುಮ್ಮನೆ ಹಟ ಹಿಡಿದವರಲ್ಲ. ಜೀವಿಗಳ ಚಿತ್ರ ಬರೆಯಬಾರದೆಂಬುದು ಅವರ ನಂಬಿಕೆ. ಎಲ್ಲ ಮುಸ್ಲಿಂ ಪೇಂಟರುಗಳೂ ಹಾಗಿಲ್ಲ. ದೇವರ ಚಿತ್ರಗಳನ್ನೂ ಬರೆದು ಬದುಕಿದವರಿದ್ದಾರೆ. ಆದರೆ ಇವರು ಸಿನಿಮಾ ನಟರನ್ನೂ ಬರೆದವರಲ್ಲ. ಕೂಲಿಗಾಗಿ ಇವರು ಮನಸ್ಸಾಕ್ಷಿ ಬಿಡಬೇಕೆ? ಇವರ ಮನಸ್ಸಾಕ್ಷಿಗಾಗಿ ಅವರು ಅವಮಾನ ನುಂಗಬೇಕೆ?

'ಅವರವರ ನಂಬಿಕೆ ಅವರವರಿಗೆ' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಪೇಂಟರ್ ಅಷ್ಟಕ್ಕೇ ನಿಲ್ಲಲಿಲ್ಲ. ಸ್ಟೂಲು ಎಳೆದು, "ಅಸಡ್ಡೆ ಅಲ್ಲಣ್ಣ. ನಮ್ಮಪ್ಪನ ಮುಖಾನೂ ಬರೆದಿಲ್ಲ. ಕೂತ್ಕೊಳ್ಳಿ, ಬುದ್ಧರ ವಿಷಯ ಹೇಳಿ" ಎಂದರು. ಆಟೋದವರು ಅರಳಿಮರದ ಬಗ್ಗೆ, ಧಮ್ಮಚಕ್ರದ ಬಗ್ಗೆ ಹೇಳಿದರು. ಟೀ ಬಂತು. ಸಂಜೆಯ ಹೊತ್ತಿಗೆ ಆಟೋದ ಹಿಂದೆ ಒಂದು ಅರಳಿಮರ, ಅದರ ಕೆಳಗೆ ಚಕ್ರ ಮೂಡಿದ್ದವು.

ಬುದ್ಧನ ಅತ್ಯಂತ ಹಳೆಯ ಶಿಲ್ಪಿಗಳು ಮಾಡಿದ್ದೂ ಇದನ್ನೇ ಎಂದು ನನಗೆ ತಿಳಿದದ್ದು ಆಮೇಲೆ. ಸಾಂಚಿ, ಭಾರ್ಹುತಗಳ ಹಳೆಯ ಕೆತ್ತನೆಗಳಲ್ಲಿ ಬುದ್ಧನಿಗೆ ಮನುಷ್ಯರೂಪವಿಲ್ಲ. ಬೋಧಿವೃಕ್ಷ, ಚಕ್ರ, ಪಾದ, ಖಾಲಿ ಪೀಠಗಳಿವೆ. ನಮ್ಮದೇ ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯ ಸ್ತೂಪದಲ್ಲೂ ಇಂಥ ಸಂಕೇತಗಳಿವೆ. ಮನುಷ್ಯರೂಪದ ಮೂರ್ತಿಗಳು ಹೆಚ್ಚಾಗಿ ಬಂದದ್ದು ನಂತರ.

ಹಾಗೆಂದು ಪೇಂಟರೇ ಸರಿ ಎಂದು ತೀರ್ಪು ಕೊಡಲಾರೆ. ಆ ಚಾಲಕರಿಗೆ ಬೇಕಾಗಿದ್ದು ಮುಖವೇ. ಇತಿಹಾಸ ತೋರಿಸಿ ಅವರ ಆಸೆಯನ್ನು ಸಣ್ಣದು ಮಾಡಬಾರದು. ನಾನು ಕಲಿತದ್ದು ಇಷ್ಟು: 'ಇಲ್ಲ' ಎನ್ನುವ ಹಕ್ಕು ನಮಗಿದೆ. ಆದರೆ ಆ 'ಇಲ್ಲ' ಎಲ್ಲರಿಗೂ ಒಂದೇ ಆಗಿರಬೇಕು, ಅದನ್ನು ಕೇಳಿಸಿಕೊಂಡವರನ್ನು ಕೂರಿಸಿ ಮಾತಾಡಿಸುವ ಹೊಣೆಯೂ ನಮ್ಮದೇ.

ದುಡ್ಡು ಕೊಡುತ್ತಾ ಆಟೋದವರು ನಕ್ಕರು. "ಮುಖದ ಸ್ಟಿಕ್ಕರ್ ಒಳಗೆ ಅಂಟಿಸ್ಕೋತೀನಿ ಬಿಡಿ, ಭಾಯ್."

"ಅಂಟಿಸ್ಕೊಳ್ಳಿ ಅಣ್ಣ" ಎಂದು ಪೇಂಟರೂ ನಕ್ಕರು.